ತಾಯಿತೊಟ್ಟಿಯ ಬೀಜ

ಫೆಬ್ರವರಿ 10, ಸೋಮವಾರ

ನರಸಮ್ಮ ಬೆಳಗಿನ ಬಸ್ಸಿಗೆ ಮಡಕಶಿರಕ್ಕೆ ಹೋದಳು. ಮಗಳು ತ್ರಿವೇಣಿಯ ಎರಡನೇ ಹೆರಿಗೆ, ಬಾಣಂತನ ಮುಗಿಸಿಕೊಂಡೇ ಬರುವುದು. ಹೊರಡುವ ಮುಂಚೆ ಅಡುಗೆಮನೆಯ ಡಬ್ಬಿಗಳ ಮುಂದೆ ನನ್ನನ್ನು ನಿಲ್ಲಿಸಿ ಯಾವುದರಲ್ಲಿ ಏನಿದೆ ಎಂದು ಪಾಠ ಹೇಳಿದಳು. ನಾನು ತಲೆಯಾಡಿಸಿದೆ. ಈಗ ಒಂದೂ ನೆನಪಿಲ್ಲ.

ಮನೆಯಲ್ಲಿ ಮಾತಿಗೆ ಯಾರೂ ಇಲ್ಲದ್ದಕ್ಕೆ ಈ ಡೈರಿ ತೆಗೆದಿದ್ದೇನೆ. ಬೇರೆಯವರು ಓದುವಂಥದ್ದಲ್ಲವಾದ್ದರಿಂದ ಸಂಕೋಚವಿಲ್ಲದೆ ಬರೆಯಬಹುದು. ರಾಯದುರ್ಗದ ಸುತ್ತಮುತ್ತ ನನ್ನಂಥ ಕಣ್ಣಿರುವ ಮನುಷ್ಯ ಇನ್ನೊಬ್ಬನಿಲ್ಲ. ನಿವೃತ್ತಿಯಾಗುವ ತನಕ ಸರ್ಕಾರಿ ಆಸ್ಪತ್ರೆಯಲ್ಲಿ ಮಲೇರಿಯಾ ಸ್ಲೈಡು ನೋಡಿದವನು ನಾನು. ಎಲ್ಲೋ ಒಂದು ರಕ್ತಕಣದ ಒಳಗೆ ಉಂಗುರದ ಹಾಗೆ ಕೂತಿರುವ ರೋಗವನ್ನು ಹಿಡಿದು ಹೊರಗೆಳೆದ ಕಣ್ಣು ಇದು. "ಗಾದಿಲಿಂಗಪ್ಪ ಇಲ್ಲ ಅಂದರೆ ಇಲ್ಲ" ಎಂದು ದೊಡ್ಡ ಡಾಕ್ಟರೇ ಹೇಳುತ್ತಿದ್ದರು, ನಾನು ನೋಡಿದ ಸ್ಲೈಡನ್ನು ಮತ್ತೆ ನೋಡುತ್ತಿರಲಿಲ್ಲ.

ಈಗ ಚಂದ್ರಮೋಹನ್ ಅವರ ಸ್ಪಿರುಲಿನಾ ಫಾರಂನಲ್ಲಿ ಅದೇ ಕೆಲಸ. ರಕ್ತದ ಬದಲು ಹಸಿರು ನೀರು. ಸ್ಪಿರುಲಿನಾ ಎಂದರೆ ಪಾಚಿಯೇ, ಆದರೆ ತಿನ್ನುವ ಪಾಚಿ. ಸೋಡಾ ಹಾಕಿದ ತೊಟ್ಟಿಗಳಲ್ಲಿ ಬೆಳೆಸಿ, ಬಟ್ಟೆಯಲ್ಲಿ ಸೋಸಿ, ಒಣಗಿಸಿ ಕಂಪನಿಗೆ ಕಳಿಸುತ್ತಾರೆ. ಅವರು ಮಾತ್ರೆ ಮಾಡುತ್ತಾರೆ. ಎಲ್ಲ ತೊಟ್ಟಿಗಳಿಗೂ ಬೀಜ ಹೋಗುವುದು ಮೂಲೆಯಲ್ಲಿ ಸುತ್ತ ಬಲೆ ಹೊದಿಸಿದ ಬಲೆಮನೆಯಲ್ಲಿರುವ ತಾಯಿತೊಟ್ಟಿಯಿಂದ. ಆ ಬೀಜ ನನ್ನದು. ಆರು ವರ್ಷದ ಹಿಂದೆ ಒಂದು ಬಾಟಲಿಯಲ್ಲಿ ಬಂದದ್ದನ್ನು ನಮ್ಮ ಬೋರಿನ ಉಪ್ಪುನೀರಿಗೆ, ನಮ್ಮ ಬಿಸಿಲಿಗೆ ಒಗ್ಗಿಸಿ ಸಾಕಿದ್ದೇನೆ. ಹೊರಗಿನಿಂದ ಎರಡು ಸಲ ಬೇರೆ ಬೀಜ ತರಿಸಿದ್ದರು. ಎರಡೂ ಸಲ ಏಪ್ರಿಲ್ ಬರುವುದರೊಳಗೆ ಬೆಂದು ಹೋಯಿತು. ನನ್ನದು ಮಾತ್ರ ನಿಂತಿತು.

ಇಷ್ಟು ಬರೆಯಲು ಕಾರಣವಿದೆ. ಕಳೆದ ಸರಕಿನಲ್ಲಿ ಬೇರೆ ಯಾವುದೋ ಪಾಚಿ ಬೆರೆತಿದೆ ಎಂದು ಕಂಪನಿಯ ಲ್ಯಾಬಿನವರು ಹೇಳಿದ್ದಾರಂತೆ. ಅವರ ಸ್ಲೈಡೇ ಕೊಳೆಯಾಗಿರಬೇಕು.

ಫೆಬ್ರವರಿ 13, ಗುರುವಾರ

ಕೊಳೆ ಅವರ ಸ್ಲೈಡಿನದಲ್ಲ.

ತಾಯಿತೊಟ್ಟಿಯ ಹನಿ ಇಟ್ಟು ನೋಡುತ್ತಿದ್ದೆ. ಸ್ಪಿರುಲಿನಾ ಸ್ಪ್ರಿಂಗಿನ ಹಾಗೆ ಸುರುಳಿಯಾಗಿರುತ್ತದೆ, ನೋಡುವುದೇ ಒಂದು ಸುಖ. ಆ ಸುರುಳಿಗಳ ನಡುವೆ ಸಾಸಿವೆಯಂಥ ದುಂಡು ಹಸಿರು ಕಣಗಳು. ಅಲ್ಲೊಂದು, ಇಲ್ಲೊಂದು. ಇನ್ನೊಬ್ಬನಾಗಿದ್ದರೆ ಧೂಳು ಎಂದು ಬಿಡುತ್ತಿದ್ದ. ಇವು ಕೇಡಿನವು. ಸೋಸುವಾಗ ಸುರುಳಿ ಬಟ್ಟೆಯ ಮೇಲೆ ನಿಲ್ಲುತ್ತದೆ, ದುಂಡು ಕಣದಲ್ಲಿ ಒಂದಷ್ಟು ಅದಕ್ಕೆ ಅಂಟಿಕೊಂಡು ಸರಕಿಗೆ ಹೋಗುತ್ತದೆ, ಉಳಿದದ್ದು ನೀರಿನ ಜೊತೆ ಬಟ್ಟೆಯ ಕೆಳಗಿಳಿದು ಮತ್ತೆ ತೊಟ್ಟಿಗೇ ಸೇರುತ್ತದೆ. ನಾವು ಬೆಳೆ ತೆಗೆದಷ್ಟೂ ಅದು ತೊಟ್ಟಿಯಲ್ಲಿ ಹೆಚ್ಚುತ್ತ ಹೋಗುತ್ತದೆ.

ಸೋಡಾ ಏರಿಸಿದೆ. ದುಂಡಿನವಕ್ಕೆ ಅಷ್ಟು ಕ್ಷಾರ ಆಗಿಬರುವುದಿಲ್ಲ. ನಾಲ್ಕು ದಿನದಲ್ಲಿ ಅಡಗಬೇಕು. ಇಂದಿನಿಂದ ಬಲೆಮನೆಗೆ ಬೀಗ, ಕೀಲಿ ನನ್ನ ಸೊಂಟದಲ್ಲಿ.

ಫೆಬ್ರವರಿ 19, ಬುಧವಾರ

ಅಡಗಿತು. ಸ್ಲೈಡಿನ ಮೇಲೆ ಸ್ಲೈಡು ನೋಡಿದೆ, ಒಂದೂ ದುಂಡು ಕಣವಿಲ್ಲ. ಚಂದ್ರಮೋಹನ್ ಅವರಿಗೆ ಫೋನ್ ಮಾಡಿ, ನಾನಿರುವವರೆಗೆ ನೀವು ನಿಶ್ಚಿಂತೆಯಿಂದಿರಿ ಎಂದೆ.

ಮಧ್ಯಾಹ್ನ ಮೈಲಾರಮ್ಮ ಬೀಜಕ್ಕೆ ಬಂದಿದ್ದಳು. ಡಿ. ಹಿರೇಹಾಳ್ ಕಡೆಯ ಕುರಿ ಸಾಕುವ ಮನೆಯವಳು. ದೀಪಾವಳಿಯ ಹೊತ್ತಿಗೆ ಹಿತ್ತಿಲಲ್ಲಿ ಒಂದು ತೊಟ್ಟಿ ಮಾಡಿಕೊಂಡು ಬೆಳೆಯನ್ನು ನಮ್ಮ ಫಾರಂಗೇ ಕೊಡುತ್ತಾಳೆ. ಅವಳ ತೊಟ್ಟಿ ಪದೇ ಪದೇ ಸೊರಗುತ್ತದೆ, ಪದೇ ಪದೇ ಒಂದು ಕ್ಯಾನು ಬೀಜ ಒಯ್ಯುತ್ತಾಳೆ. ಹಳೆಯ ಕ್ಯಾನು ತಪ್ಪದೆ ಹಿಂದಕ್ಕೆ ತರುತ್ತಾಳೆ, ಅದನ್ನು ಮೆಚ್ಚಬೇಕು. ಆದರೆ ಸರಿಯಾಗಿ ಬಗ್ಗಿಸಿಕೊಂಡಿರುವುದಿಲ್ಲ, ತಳದಲ್ಲಿ ಒಂದು ಚೆಂಬಿನಷ್ಟು ಹಸಿರು ಹಾಗೇ ಉಳಿದಿರುತ್ತದೆ. ಇಂಥ ಬೀಜವನ್ನು ತಳದಲ್ಲಿ ಬಿಟ್ಟು ತರುವಷ್ಟು ಉದಾಸೀನ. ಕಣೇಕಲ್ಲಿನ ಗೋಪಣ್ಣನಿಗಿಂತ ವಾಸಿ ಎನ್ನಬೇಕು ಅಷ್ಟೆ. ಆ ಮಹಾರಾಯ ಕೋಳಿಗೆ ಹಾಕುತ್ತೇನೆಂದು ಬೀಜ ಒಯ್ದು ಎರಡು ವರ್ಷವಾಯಿತು, ಕ್ಯಾನಿನ ಮುಖವನ್ನೇ ತೋರಿಸಿಲ್ಲ.

ಕ್ಯಾನುಗಳ ವಿಷಯದಲ್ಲಿ ನಾನು ಕಟ್ಟುನಿಟ್ಟು. ಬೀಜದ ಕ್ಯಾನಿಗೆ ಬೋರಿನ ನೀರು ತಾಗಿಸುವುದಿಲ್ಲ, ಹೆಪ್ಪಿನ ಪಾತ್ರೆಯನ್ನು ತೊಳೆಯದ ಹಾಗೆ. ಬಂದ ಕ್ಯಾನನ್ನು ಹಾಗೇ ತಾಯಿತೊಟ್ಟಿಯಲ್ಲಿ ಅದ್ದಿ ತುಂಬಿಸುವುದು. ನನ್ನ ಬೀಜ ಮುಟ್ಟಿದ ಕ್ಯಾನು ಬೇರೆ ನೀರು ಕಾಣಕೂಡದು.

ಮನೆಯ ಪಾತ್ರೆಯ ಮಾತೇ ಬೇರೆ. ಪಕ್ಕದ ಮನೆಯ ಪುಟ್ಟಕ್ಕ ಇವತ್ತೂ ರೊಟ್ಟಿ, ಬದನೆಕಾಯಿ ಪಲ್ಯ ಕಳಿಸಿದ್ದಳು. ಅವಳ ಡಬ್ಬಿಯನ್ನು ಲ್ಯಾಬಿನ ಗಾಜಿನ ಹಾಗೆ ಉಜ್ಜಿ, ಒರೆಸಿ, ಬಿಸಿಲಿಗೆ ಒಣಗಿಸಿ ಕೊಟ್ಟೆ. ಅವಳ ಡಬ್ಬಿ ಹುಟ್ಟಿದಾಗಿನಿಂದ ಅಷ್ಟು ಹೊಳೆದಿರಲಾರದು. ಅವಳು ಒಳಗೆ ಇಣುಕಿ ನೋಡಿ ಮುಚ್ಚಳ ಹಾಕಿಕೊಂಡು ಹೋದಳು. ಬೆರಗಾಗಿರಬೇಕು.

ಫೆಬ್ರವರಿ 27, ಗುರುವಾರ

ಮತ್ತೆ ಬಂದಿವೆ.

ಬೀಗ ಹಾಕಿದ ಬಲೆಮನೆ, ಸೋಸಿದ ನೀರು, ಪರೀಕ್ಷೆ ಮಾಡಿದ ಸೋಡಾ. ಗಾಳಿಯೇ? ಗಾಳಿಯಾದರೆ ಹೊರಗಿನ ತೊಟ್ಟಿಗಳಲ್ಲಿ ಮೊದಲು ಕಾಣಬೇಕಿತ್ತು. ಹಕ್ಕಿಯೇ? ಬಲೆಯಲ್ಲಿ ಒಂದು ತೂತೂ ಇಲ್ಲ. ನೀರಿನ ಹನಿ, ಸೋಡಾ ಕಲಸಿದ ಹನಿ, ಪೈಪಿನ ಬಾಯಿಯ ಹನಿ, ಬಲೆಯ ಮೇಲಿನ ಧೂಳು ಎಲ್ಲವನ್ನೂ ಸ್ಲೈಡಿಗೆ ಹಾಕಿದೆ. ಎಲ್ಲವೂ ಚೊಕ್ಕ. ಕತ್ತು ಹಿಡಿದುಕೊಂಡಿದೆ.

ಹಿಡಿಯುತ್ತೇನೆ. ನನ್ನ ಕಣ್ಣಿಗೆ ಮಣ್ಣೆರಚಿ ಹೋದದ್ದು ಇದುವರೆಗೆ ಯಾವುದೂ ಇಲ್ಲ.

ಮಾರ್ಚ್ 5, ಬುಧವಾರ

ಇವತ್ತು ಅಂಜಿನಿಯನ್ನು ಬೈದೆ. ತೊಟ್ಟಿಗಳನ್ನು ಕಲಕುವವನು ಅವನು. ಬೆಳಗಿನಿಂದ ಸಂಜೆಯವರೆಗೆ ಉದ್ದನೆಯ ಕೋಲು ಹಿಡಿದು ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ಓಡಾಡುತ್ತಾನೆ. ಯಾವುದೋ ತೊಟ್ಟಿಯ ಕೋಲನ್ನು ತಾಯಿತೊಟ್ಟಿಗೂ ಇಳಿಸಿರಬೇಕು, ಬೇರೆ ದಾರಿಯೇ ಇಲ್ಲ ಎಂದು ನಾಲ್ಕು ಜನರ ಮುಂದೆ ಹೇಳಿದೆ. ಅವನು ಕೋಲು ಗೋಡೆಗೆ ಒರಗಿಸಿದ.

"ತಾಯಿತೊಟ್ಟಿ ಕೀಲಿ ನಿಮ್ಮ ಸೊಂಟದಾಗ ಐತಿ ಸಾರ್. ನಾನು ಹ್ಯಾಂಗ ಒಳಗ ಹೋಗ್ಲಿ?"

ಎದುರುತ್ತರ ಕೊಡುವವರನ್ನು ಕಂಡರೆ ನನಗಾಗದು. ತಪ್ಪು ಮಾಡಿದವರೇ ಹೀಗೆ ಲಾಯರಿನ ಹಾಗೆ ಮಾತಾಡುವುದು ಎಂದೆ. ಅವನು ಊಟದ ಬುತ್ತಿ ಎತ್ತಿಕೊಂಡು ಗೇಟು ದಾಟಿ ಹೋದ.

ಮಾರ್ಚ್ 6, ಗುರುವಾರ

ಅಂಜಿನಿ ಬರಲಿಲ್ಲ. ತೊಟ್ಟಿ ನಾನೇ ಕಲಕಿದೆ. ಸೊಂಟ ಬಿದ್ದು ಹೋಯಿತು.

ಮಾರ್ಚ್ 11, ಮಂಗಳವಾರ

ಚಂದ್ರಮೋಹನ್ ಬಂದಿದ್ದರು. ಒಳ್ಳೆಯವರು, ಸಿಟ್ಟು ಬಂದಾಗ ಮಾತ್ರ ತೆಲುಗಿಗೆ ಹೊರಳುತ್ತಾರೆ. ಇವತ್ತು ಬಂದಾಗಿನಿಂದ ತೆಲುಗೇ. ಎರಡನೇ ಸರಕಿನಲ್ಲೂ ದುಂಡು ಪಾಚಿ ಸಿಕ್ಕಿದೆ, ಮೂರನೆಯದರಲ್ಲೂ ಸಿಕ್ಕರೆ ಕಂಪನಿ ನಮ್ಮಿಂದ ಕೊಳ್ಳುವುದನ್ನು ನಿಲ್ಲಿಸುತ್ತದೆ. ಯುಗಾದಿಯೊಳಗೆ ಮೂಲ ಗೊತ್ತಾಗದಿದ್ದರೆ ತಾಯಿತೊಟ್ಟಿಯನ್ನು ಖಾಲಿ ಮಾಡಿಸಿ ಹೊರಗಿನ ಬೀಜ ತರಿಸುತ್ತಾರಂತೆ. ಹೊರಗಿನ ಬೀಜ ಈ ಬಿಸಿಲಿಗೆ ನಿಲ್ಲುವುದಿಲ್ಲ ಎಂದೆ. ನಿಮ್ಮದು ನಿಂತು ಏನು ಬಂತು ಎಂದರು.

ನನ್ನ ಆರು ವರ್ಷವನ್ನು ಚರಂಡಿಗೆ ಬಿಡುವ ಮಾತು. ಹೋಗಿ ಬಲೆಮನೆಯ ಬೀಗವನ್ನು ಮತ್ತೊಮ್ಮೆ ಎಳೆದು ನೋಡಿದೆ. 

ರಾತ್ರಿ ಊಟದ ಹೊತ್ತಿಗೆ ನರಸಮ್ಮ ಫೋನ್ ಮಾಡಿದಳು. ಹೆಣ್ಣುಮಗು, ತಾಯಿ ಮಗು ಕ್ಷೇಮ. ನನ್ನ ಮೂಗೇ ಬಂದಿದೆಯಂತೆ. ಬರಲೇಬೇಕು.

ಮಾರ್ಚ್ 14, ಶುಕ್ರವಾರ

ಇದನ್ನು ನಿಧಾನವಾಗಿ, ಇದ್ದದ್ದು ಇದ್ದ ಹಾಗೆ ಬರೆಯಬೇಕು.

ಪುಟ್ಟಕ್ಕ ಮೂರು ದಿನದಿಂದ ಏನೂ ಕಳಿಸಿರಲಿಲ್ಲ. ಇವತ್ತು ಬೆಳಿಗ್ಗೆ ನಾನೇ ಹೋಗಿ, ಅವಳದೊಂದು ಡಬ್ಬಿ ಉಳಿದಿತ್ತು, ಕೊಟ್ಟೆ. ಎಂದಿನಂತೆ ಫಳಫಳ ಹೊಳೆಯುತ್ತಿತ್ತು. ಅವಳು ಮುಚ್ಚಳ ತೆಗೆದು ನೋಡಿ ನಕ್ಕಳು. ಆ ನಗು ನನಗೆ ಹಿಡಿಸಲಿಲ್ಲ, ಯಾಕೆ ಎಂದು ಕೇಳಿದೆ.

"ಏನಿಲ್ರಿ. ನರಸಮ್ಮಕ್ಕ ಇದ್ದಾಗ ಒಂದು ಸಲಾನೂ ನನ್ನ ಡಬ್ಬಿ ಖಾಲಿ ಬಂದಿದ್ದಿಲ್ಲ. ಏನೂ ಇಲ್ಲಂದ್ರ ಒಂದು ಚಿಟಿಕಿ ಸಕ್ಕರಿನಾರ ಹಾಕಿ ಕಳಿಸ್ತಿದ್ರು. ಕೊಟ್ಟ ಮನಿಗೆ ಖಾಲಿ ಪಾತ್ರಿ ಯಾರನ ಕಳಿಸ್ತಾರೇನ್ರಿ?"

ನನಗೆ ಮೊದಲು ನಾಚಿಕೆಯಾಯಿತು. ಹುಟ್ಟಿದಾಗಿನಿಂದ ನೋಡಿದ ಪದ್ಧತಿ, ನನ್ನ ಅವ್ವನೂ ಹಾಗೆ, ನರಸಮ್ಮನೂ ಹಾಗೆ. ಪಾತ್ರೆ ಕೊಡುವ ಕೆಲಸ ಹೆಂಗಸರದೆಂದು ನಾನು ಗಮನಿಸಿರಲೇ ಇಲ್ಲ. ಮನೆಗೆ ಬಂದು ಅಂಗಿ ಹಾಕಿಕೊಳ್ಳುವಾಗ ಕೈ ಗುಂಡಿಯ ಮೇಲೇ ನಿಂತುಬಿಟ್ಟಿತು. ಮೈಲಾರಮ್ಮನ ಕ್ಯಾನು. ತಳದಲ್ಲಿ ಒಂದು ಚೆಂಬು ಹಸಿರು. ಪ್ರತಿ ಸಲವೂ ಒಂದು ಚೆಂಬು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಬಗ್ಗಿಸದೆ ಉಳಿದದ್ದು ಹಾಗೆ ಅಳೆದ ಹಾಗೆ ಉಳಿಯುತ್ತದೆಯೇ?

ತಿಂಡಿಯನ್ನೂ ತಿನ್ನದೆ ಫಾರಂಗೆ ಓಡಿದೆ. ಅವಳು ಹಿಂದೆ ತಂದಿದ್ದ, ಇನ್ನೂ ತುಂಬಿಸದ ಇನ್ನೊಂದು ಕ್ಯಾನು ಶೆಡ್ಡಿನಲ್ಲೇ ಇತ್ತು. ತಳದ ಹನಿ ತೆಗೆದು ಸ್ಲೈಡಿಗೆ ಹಾಕಿದೆ. ತುಂಬ ದುಂಡು ಕಣ, ಸಾಸಿವೆ ಚೆಲ್ಲಿದ ಹಾಗೆ. ಸುರುಳಿಯನ್ನು ಹುಡುಕಬೇಕಾಯಿತು.

ಬಲೆ, ಧೂಳು, ಪೈಪು, ಸೋಡಾ ಎಲ್ಲವನ್ನೂ ಸ್ಲೈಡಿಗೆ ಹಾಕಿದವನು ಈ ಹನಿಯನ್ನು ಒಂದು ಸಲವೂ ನೋಡಿರಲಿಲ್ಲ. ನನ್ನ ಬೀಜ ಎಂದುಕೊಂಡಿದ್ದೆ. ನನ್ನ ಬೀಜವನ್ನು ನಾನೇಕೆ ಸಂಶಯಪಡಬೇಕು? ಆ ಕ್ಯಾನನ್ನು ಪ್ರತಿ ಸಲ ತಾಯಿತೊಟ್ಟಿಯಲ್ಲಿ ಅದ್ದಿದ್ದು ಅಂಜಿನಿಯಲ್ಲ, ಹಕ್ಕಿಯಲ್ಲ. ಬೀಗ ತೆಗೆದು ಒಳಗೆ ಹೋಗಿ ಈ ಕೈಯೇ ಅದ್ದಿದ್ದು.

ಆದರೂ ಒಂದು ಮಾತು ಬರೆದಿಡುತ್ತೇನೆ. ಕಂಪನಿಯ ಲ್ಯಾಬಿನವರು ಏನಿದೆ ಎಂದಷ್ಟೇ ಹೇಳಿದರು. ಎಲ್ಲಿಂದ ಎಂದು ಹಿಡಿದವನು ನಾನು.

ಮಾರ್ಚ್ 15, ಶನಿವಾರ

ಡಿ. ಹಿರೇಹಾಳಿಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಆಟೋ. ದಾರಿಯುದ್ದಕ್ಕೂ ಮೈಲಾರಮ್ಮನಿಗೆ ಏನೇನು ಹೇಳಬೇಕೆಂದು ಜೋಡಿಸಿಕೊಂಡಿದ್ದೆ. ಎಲ್ಲವೂ ಗಟ್ಟಿ ಮಾತುಗಳೇ.

ಅವಳು ಹಟ್ಟಿಯ ಮುಂದೆ ಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದಳು. ನನ್ನನ್ನು ಕಂಡವಳೇ ಕೈ ಒರೆಸಿಕೊಂಡು ಕಂಬಳಿ ಹಾಸಿ ಕೂಡಿಸಿ, ಮಜ್ಜಿಗೆ ಕೊಟ್ಟಳು. ಫಾರಂನ ದೊಡ್ಡವರು ತನ್ನ ತೊಟ್ಟಿ ನೋಡಲು ಬಂದಿದ್ದಾರೆಂದು ಓಣಿಗೆಲ್ಲ ಕೇಳುವ ಹಾಗೆ ಹೇಳಿದಳು. ನಾನು ಕ್ಯಾನಿನ ವಿಷಯ ಎತ್ತಿದೆ. ತಳದಲ್ಲಿ ಇದ್ದದ್ದು ಏನು ಎಂದು ಕೇಳಿದೆ. ಅವಳ ಮುಖ ಅರಳಿತು.

"ಬೀಜ ಕೊಟ್ಟ ಮನಿಗೆ ಖಾಲಿ ಕ್ಯಾನು ಹ್ಯಾಂಗ ಕಳಿಸ್ಲ್ರಿ? ನಾ ಬೆಳದಿದ್ದು ಒಂದು ಚೆಂಬು ನಿಮಗಂತ ಹಾಕೀನಿ. ಮ್ಯಾಲಿನ ಚಲೋ ಹಸುರು ನೋಡಿ ತಗದಿದ್ದು. ನೋಡಿದ್ರೇನ್ರಿ, ಹ್ಯಾಂಗಿತ್ತು?"

ಜೋಡಿಸಿಕೊಂಡಿದ್ದ ಮಾತೆಲ್ಲ ಮಜ್ಜಿಗೆಯ ಜೊತೆ ಒಳಗೆ ಹೋಯಿತು. ಚೆನ್ನಾಗಿತ್ತು ಎಂದೆ. ಇನ್ನೇನು ಹೇಳಲಿ?

ತೊಟ್ಟಿ ನೋಡಿದೆ. ಕುರಿ ಕುಡಿಯುವ ಬಾನಿಯ ನೀರನ್ನೇ ಅದಕ್ಕೂ ತುಂಬುತ್ತಾಳೆ. ಬಾನಿಯ ಗೋಡೆಗೆ ಅಂಟಿದ ಪಾಚಿ ಬೆರಳಿಗೆ ಬಂತು. ದುಂಡಿನವುಗಳ ತವರುಮನೆ ಅದೇ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಈ ನೀರು ಬೇಡ, ಬೋರಿನ ನೀರನ್ನು ಬಟ್ಟೆಯಲ್ಲಿ ಸೋಸಿ ಹಾಕು, ಸೋಡಾ ಇಷ್ಟು ಹಾಕು, ಈಗಿರುವುದನ್ನು ಗಿಡಕ್ಕೆ ಬಿಟ್ಟು ತೊಟ್ಟಿ ತೊಳೆದಿಡು, ಹೊಸ ಬೀಜ ಕೊಡುತ್ತೇನೆ ಎಂದು ಹೇಳಿಕೊಟ್ಟೆ. ಎಲ್ಲವನ್ನೂ ಒಂದೇ ಸಲಕ್ಕೆ ಹಿಡಿದುಕೊಂಡು ತಿರುಗಿ ನನಗೇ ಒಪ್ಪಿಸಿದಳು. ಆಸ್ಪತ್ರೆಯಲ್ಲಿ ಟ್ರೇನಿಂಗಿಗೆ ಬರುತ್ತಿದ್ದವರಲ್ಲೂ ಇಷ್ಟು ಚುರುಕಿನವರನ್ನು ಕಾಣೆ.

ಕ್ಯಾನಿನ ವಿಷಯವನ್ನು ಕಡೆಗೆ ಹೇಳಿದೆ. ಖಾಲಿ ತಾ ಎನ್ನಲು ಬಾಯಿ ಬರಲಿಲ್ಲ. ಕ್ಯಾನಿನೊಳಗೆ ಮಾತ್ರ ಏನೂ ಬೇಡ, ಒಣಗಿಸಿ ತಾ, ಕೊಡಬೇಕೆನಿಸಿದ್ದನ್ನು ಹೊರಗೆ ಹಿಡಿಕೆಗೆ ಕಟ್ಟು ಎಂದೆ. ಅವಳು ಸ್ವಲ್ಪ ಯೋಚಿಸಿ, ಆಗಲಿ ಎಂದಳು.

ಹೊಸ ಬೀಜ ಕೊಡುತ್ತೇನೆಂದು ಹೇಳಿ ಬಂದೆನಲ್ಲ, ಎಲ್ಲಿದೆ ಬೀಜ?

ಮಾರ್ಚ್ 17, ಸೋಮವಾರ

ಚಂದ್ರಮೋಹನ್ ಅವರಿಗೆ ಎಲ್ಲವನ್ನೂ ಹೇಳಿದೆ. ಅದ್ದಿದ ಕೈ ನನ್ನದೇ ಎಂದೂ ಹೇಳಿದೆ. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನನ್ನ ಬಾಯಿಂದ ಕೇಳಲಿ. ಅವರು ಕನ್ನಡದಲ್ಲೇ, ಸಿಕ್ಕಿತಲ್ಲ, ಅಷ್ಟು ಸಾಕು ಎಂದರು. ಆದರೆ ಈ ಸಲ ಸೋಡಾಕ್ಕೂ ಅವು ಬಗ್ಗಿಲ್ಲ, ತೊಟ್ಟಿ ಖಾಲಿಯಾಗಲೇಬೇಕು, ನೀವು ಶುದ್ಧ ಬೀಜ ಎಬ್ಬಿಸುವುದಾದರೆ ಯುಗಾದಿಯವರೆಗೆ ಕಾಯುತ್ತೇನೆ, ಆಮೇಲೆ ಹೊರಗಿನ ಬೀಜ. ಸರಿಯಾದ ಮಾತೇ.

ಸಂಜೆ ಅಂಜಿನಿಯ ಓಣಿಯ ಕಡೆ ಹೋಗಿದ್ದೆ. ಬೇರೆ ಕೆಲಸವೇನೂ ಇರಲಿಲ್ಲ, ಸುಮ್ಮನೆ ಕಾಲಾಡಿಸಿಕೊಂಡು. ದಾರಿಯಲ್ಲಿ ಬಾಳೆಹಣ್ಣು ಚೆನ್ನಾಗಿ ಕಂಡವು, ಒಂದು ಚಿಪ್ಪು ತೆಗೆದುಕೊಂಡೆ. ಒಬ್ಬನಿಗೆ ಅಷ್ಟು ಹಣ್ಣು ಹೆಚ್ಚು, ಆದ್ದರಿಂದ ಅವನ ಹೆಂಡತಿಯ ಕೈಗೆ ಕೊಟ್ಟೆ. ಅಂಜಿನಿ ಕಟ್ಟೆಯ ಮೇಲೆ ಕೂತಿದ್ದವನು ಏಳಲಿಲ್ಲ. ನಾನು ನಿಂತೇ, ಕ್ಯಾನು ಅದ್ದಿದ್ದು ನಾನು, ನಿನ್ನ ಕೋಲಲ್ಲ, ಇದನ್ನು ನಾಳೆ ಆ ನಾಲ್ಕು ಜನರ ಮುಂದೆಯೂ ಹೇಳುತ್ತೇನೆ ಎಂದೆ. ಅವನು ಸರಿದು ಕೂತು ಪಕ್ಕದಲ್ಲಿ ಜಾಗ ಮಾಡಿದ.

ಬಲೆಮನೆಯ ಕೀಲಿ ಅವನಿಗೆ ಕೊಟ್ಟು ಬಂದೆ. ಪ್ರತಿ ಸಲ ಅಲ್ಲಿಯವರೆಗೆ ನಡೆಯಲು ನನಗೆ ಮೊಣಕಾಲು ನೋವು.

ಮಾರ್ಚ್ 18, ಮಂಗಳವಾರ

ಆ ನಾಲ್ಕು ಜನರನ್ನು ಕರೆದು ಹೇಳಿದೆ. ಆಮೇಲೆ ಹೊರಗಿನ ತೊಟ್ಟಿಗಳನ್ನೂ, ಕಡೆಗೆ ತಾಯಿತೊಟ್ಟಿಯನ್ನೂ ಖಾಲಿ ಮಾಡಿದೆವು. ಅಂಜಿನಿ ಬಿರಡೆ ಎಳೆದ. ಅಷ್ಟು ಹಸಿರು ಹೊಲದ ಕಾಲುವೆಗೆ ಹೋಗುವುದನ್ನು ನೋಡಲಾಗದೆ ನಾನು ಶೆಡ್ಡಿಗೆ ಬಂದು ಕೂತೆ. ಅತ್ತುಬಿಟ್ಟೆ. ಇಲ್ಲಿ ಬರೆಯಲು ನಾಚಿಕೆಯೇನಿಲ್ಲ.

ಮಾರ್ಚ್ 24, ಸೋಮವಾರ

ಕೊನೆಯ ಹನಿಗಳಿಂದ ಶುದ್ಧವಾದ ಒಂದೇ ಒಂದು ಸುರುಳಿಯನ್ನು ಮೈಕ್ರೋಸ್ಕೋಪಿನ ಕೆಳಗೆ ಸಣ್ಣ ಗಾಜಿನ ನಳಿಗೆಯಲ್ಲಿ ಎಳೆದುಕೊಂಡು, ಹನಿಯಿಂದ ಹನಿಗೆ ತೊಳೆದು, ಬಾಟಲಿಗೆ ಬಿಟ್ಟಿದ್ದೆ. ಈ ವಯಸ್ಸಿನಲ್ಲಿ ಕೈ ಒಂದಿಷ್ಟೂ ನಡುಗಲಿಲ್ಲ. ಅಂಜಿನಿ ಉಸಿರು ಬಿಗಿಹಿಡಿದು ನೋಡುತ್ತಿದ್ದ, ಅವನಿಗೂ ಕಣ್ಣಿಟ್ಟು ನೋಡಲು ಕೊಟ್ಟೆ. ಇದುವರೆಗೆ ಆ ಮೈಕ್ರೋಸ್ಕೋಪಿಗೆ ಬೇರೆ ಕಣ್ಣು ಹತ್ತಿರ ಬಂದಿರಲಿಲ್ಲ.

ನೋಡಿದಾಗಲೆಲ್ಲ ಸುರುಳಿ ಎರಡಾಯಿತು, ನಾಲ್ಕಾಯಿತು. ಇವತ್ತು ಬೆಳಿಗ್ಗೆ ಎಲ್ಲ ಹಳದಿಯಾಗಿ ತುಂಡು ತುಂಡಾಗಿವೆ. ಬಿಸಿಲು ಹೆಚ್ಚಾಯಿತೋ, ಒಂಟಿಯಾಗಿ ಬದುಕಲಿಲ್ಲವೋ. ಯುಗಾದಿಗೆ ಇನ್ನೊಂದು ವಾರವೂ ಇಲ್ಲ.

ಮಾರ್ಚ್ 27, ಗುರುವಾರ

ಕಣೇಕಲ್ಲಿಗೆ ಹೋಗಿದ್ದೆ. ಹೋದದ್ದು ನನ್ನ ಕ್ಯಾನು ತರಲು. ಎರಡು ವರ್ಷ ಇಟ್ಟುಕೊಂಡವನಿಗೆ ಮುಖಕ್ಕೇ ಹೇಳಬೇಕೆಂದು ಬಹಳ ದಿನದಿಂದ ಇತ್ತು. ಅಂಜಿನಿ, ಅವರ ತೊಟ್ಟಿ ಇನ್ನೂ ಇರಬಹುದು ಸಾರ್ ಎಂದು ನೆನ್ನೆ ಅಂದದ್ದು ನಿಜ, ಆದರೆ ಕೋಳಿಗೆ ಹಾಕಲು ಒಯ್ದವನ ತೊಟ್ಟಿಯ ಮೇಲೆ ಆಸೆ ಇಟ್ಟುಕೊಳ್ಳುವಷ್ಟು ನಾನು ಇಳಿದಿಲ್ಲ. ಪುಟ್ಟಕ್ಕ ಬರಿಗೈಲಿ ಹೋಗಬೇಡಿ ಎಂದಳು. ಬೇಕರಿಯಲ್ಲಿ ಒಂದು ಪೊಟ್ಟಣ ಖಾರದ ತಿಂಡಿ ಕಟ್ಟಿಸಿಕೊಂಡೆ.

ಗೋಪಣ್ಣನ ಮನೆ ಕೆರೆಯ ಕಡೆ, ಕಾಲುವೆ ಪಕ್ಕ. ಗದ್ದೆಯಿಂದ ಆಗಷ್ಟೇ ಬಂದು ಕೈಕಾಲು ತೊಳೆಯುತ್ತಿದ್ದ. ನನ್ನ ಕ್ಯಾನು ಎಂದು ನಾನು ಬಾಯಿ ತೆರೆಯುವ ಮುಂಚೆ ಅವನೇ ತಲೆ ತಗ್ಗಿಸಿದ.

"ತಪ್ಪಾತು ಸಾರ್. ಎರಡು ಸಲ ತೊಳದು ಹೊರಡಿಸಿದ್ದೆ. ಖಾಲಿ ಕ್ಯಾನು ಹಿಡ್ಕಂಡು ನಿಮ್ಮ ಮುಂದ ನಿಲ್ಲಾಕ ಮನಸ್ಸಾಗಲಿಲ್ಲ. ನಿಮ್ಮ ಬೀಜದಷ್ಟು ಹಸುರು ನಮ್ದೂ ಆಗ್ಲಿ, ತುಂಬಿಸಿಕೊಂಡ ಹೋಗಾಣ ಅಂತ ಕಾದೆ. ಈ ವರ್ಷ ಆಗೇತಿ, ಬರ್ರಿ ನೋಡ್ರಿ."

ಹಿತ್ತಿಲಲ್ಲಿ ಸಿಮೆಂಟಿನ ಬಾನಿ, ಮೇಲೆ ಹಳೆ ಸೀರೆ ಬಿಗಿದು ಮುಚ್ಚಿದ್ದ. ಸೀರೆ ಸರಿಸಿದ. ಕಪ್ಪಿಗೆ ತಿರುಗಿದ ಹಸಿರು, ದಪ್ಪಗೆ, ಮಿಂಚುತ್ತಿತ್ತು. ಕಾಲುವೆ ಮನೆಯ ಪಕ್ಕದಲ್ಲೇ ಹರಿದರೂ ಆ ನೀರು ಮುಟ್ಟಿಸಿಲ್ಲವಂತೆ, ಬೀಜ ಕೊಡುವಾಗ ನಾನು ಬೋರಿನ ನೀರೇ ಎಂದಿದ್ದೆನಂತೆ; ದೂರದ ಬೋರಿನಿಂದ ಹೊತ್ತು ತಂದು ಹಾಕಿದ್ದಾನೆ. ಹೇಳಿದ್ದು ನನಗೇ ಮರೆತಿತ್ತು. ಮೈಲಾರಮ್ಮ ತೊಟ್ಟಿ ಕಟ್ಟುವುದಕ್ಕೂ ಮುಂಚಿನ ಬೀಜ. ಬೆರಳದ್ದಿ ಮೂಸಿದೆ. ನನ್ನ ತೊಟ್ಟಿಯ ವಾಸನೆಯೇ.

ನನ್ನ ಕ್ಯಾನು ತುಂಬಿಸಿದ. ಸಾಲದೆಂದು ಅವನ ಮನೆಯ ಹಿತ್ತಾಳೆ ಬಿಂದಿಗೆಯನ್ನೂ ತುಂಬಿಸಿ, ಬಾಯಿಗೆ ಬಟ್ಟೆ ಕಟ್ಟಿ, ಬಸ್ಸಿನವರೆಗೆ ಹೊತ್ತು ತಂದ. ಬಸ್ಸಿನಲ್ಲಿ ಕ್ಯಾನು ಕಾಲ ನಡುವೆ, ಬಿಂದಿಗೆ ತೊಡೆಯ ಮೇಲೆ. ಕಂಡಕ್ಟರ್, ಏನ್ ಸಾರ್, ಗಂಗೆ ಪೂಜೆಯೇನು ಎಂದ. ಹೌದು ಎಂದೆ.

ಫಾರಂನಲ್ಲಿ ಅಂಜಿನಿ ಕಾಯುತ್ತಿದ್ದ. ಸ್ಲೈಡು ಅವನೇ ಹಾಕಿದ. ನನ್ನ ಕಣ್ಣಿಗೆ ಬಸ್ಸಿನ ಧೂಳು ಬಿದ್ದು ನೀರು ಸುರಿಯುತ್ತಿತ್ತು, ನೀನೇ ನೋಡು ಎಂದೆ. ಒಂದು, ಎರಡು, ಸ್ಲೈಡಿನ ಮೇಲೆ ಸ್ಲೈಡು. ಅವನು ಅವಸರ ಮಾಡಲಿಲ್ಲ, ಮೂಲೆ ಮೂಲೆ ಸರಿಸಿ ನೋಡಿದ. ನಾನು ಕಲಿಸಿದ ಹಾಗೆಯೇ.

"ದುಂಡಿನವು ಇಲ್ಲ ಸಾರ್. ಬರೇ ಸುರುಳಿ."

ಮತ್ತೆ ನೋಡಬೇಕೇ ಎಂದು ಅವನೇ ಕೇಳಿದ. ಬೇಡ, ಅಂಜಿನಿ ಇಲ್ಲ ಅಂದರೆ ಇಲ್ಲ ಎಂದೆ.

ಮಾರ್ಚ್ 30, ಭಾನುವಾರ, ಯುಗಾದಿ

ಬೇವು ಬೆಲ್ಲ ಫಾರಂನಲ್ಲೇ. ದೊಡ್ಡ ಟಬ್ಬಿನಲ್ಲಿ ಬಿಟ್ಟಿದ್ದ ಬೀಜ ಹಬ್ಬದ ಹೊತ್ತಿಗೆ ಮುಂಗೈ ಅದ್ದಿದರೆ ಬೆರಳು ಕಾಣದಷ್ಟು ದಟ್ಟವಾಗಿದೆ. ಚಂದ್ರಮೋಹನ್ ಹೊರಗಿನ ಬೀಜದವರಿಗೆ ಬೇಡವೆಂದು ಹೇಳಿದರು. ಕ್ಯಾನುಗಳನ್ನು ಇನ್ನು ಕುದಿವ ನೀರಲ್ಲಿ ತೊಳೆದು ಒಣಗಿಸಿ, ಮಗ್ಗಿನಿಂದ ಮೊಗೆದು ತುಂಬಿಸುವುದು ಎಂದು ತೀರ್ಮಾನಿಸಿದೆವು. ಬಂದ ಕ್ಯಾನು ಯಾರದೇ ಆಗಿರಲಿ, ಮೊದಲು ಸ್ಲೈಡು. ನನ್ನದಾದರೂ.

ಏಪ್ರಿಲ್ 22, ಮಂಗಳವಾರ

ಮೂರನೇ ಸರಕಿನ ಫಲಿತಾಂಶ ಬಂತು. ಚೊಕ್ಕ. ಬೇರೆ ಯಾವ ಪಾಚಿಯೂ ಇಲ್ಲ. ಹೊರಗೆ ಉರಿಬಿಸಿಲು, ತಾಯಿತೊಟ್ಟಿ ತುಂಬಿ ನಿಂತಿದೆ, ಒಂದು ಎಳೆ ಹಳದಿ ಕಾಣದು. ಎದೆ ಉಬ್ಬಿ ಬಂತು. ಚಂದ್ರಮೋಹನ್ ಬಂದವರು, ಕೊನೆಗೂ ನಿಮ್ಮ ಬೀಜ ಉಳಿಯಿತು ಗಾದಿಲಿಂಗಪ್ಪನವರೇ ಎಂದು ಬೆನ್ನು ತಟ್ಟಿದರು. ಕಣೇಕಲ್ಲಿನ ಬೀಜ ಎನ್ನಿ ಎಂದೆ. ತಪ್ಪು ಹೆಸರು ಹೇಳಿದರೆ ನನಗಾಗದು.

ಮಧ್ಯಾಹ್ನ ಮೈಲಾರಮ್ಮ ಬಂದರು. ಹೋದ ವಾರ ಒಯ್ದಿದ್ದ ಕ್ಯಾನು ಒಳಗೆ ಹಪ್ಪಳದ ಹಾಗೆ ಒಣಗಿತ್ತು. ಹಿಡಿಕೆಗೆ ಸೆರಗಿನ ತುಂಡಿನಲ್ಲಿ ಕಟ್ಟಿದ ಶೇಂಗಾ, ಹುರಿದದ್ದು, ಇನ್ನೂ ಬೆಚ್ಚಗಿತ್ತು. ಇನ್ನೊಂದು ಪುಟ್ಟ ಶೀಶೆಯಲ್ಲಿ ಅವರ ತೊಟ್ಟಿಯ ನೀರು ಬೇರೆಯಾಗಿ ತಂದಿದ್ದರು, ಅಂಜಿನಿ ನೋಡಲಿ ಎಂದು. ಅಂಜಿನಿ ನೋಡಿದ, ನಾನು ನೋಡಿದೆ, ಮೈಲಾರಮ್ಮನವರೂ ಒಂದು ಕಣ್ಣು ಮುಚ್ಚಿ ನೋಡಿದರು. ಬರೇ ಸುರುಳಿ. ಡಿ. ಹಿರೇಹಾಳಿನ ಆ ಹನಿಯನ್ನು ಯಾವ ಲ್ಯಾಬಿಗೆ ಬೇಕಾದರೂ ಕಳಿಸಲಿ, ನಾನು ಎದುರು ನಿಲ್ಲುತ್ತೇನೆ.

ಶೇಂಗಾ ಮೂವರೂ ತಿಂದೆವು. ಉಳಿದದ್ದನ್ನು ಪುಟ್ಟಕ್ಕನ ಡಬ್ಬಿಗೆ ಹಾಕಿ ಕೊಟ್ಟೆ. ಡಬ್ಬಿ ಉಜ್ಜಿರಲಿಲ್ಲ, ನೀರಿನಲ್ಲಿ ಜಾಲಿಸಿದ್ದೆ ಅಷ್ಟೆ. ಅವಳು ಮುಚ್ಚಳ ತೆಗೆದು ಒಂದೆರಡು ಬಾಯಿಗೆ ಹಾಕಿಕೊಂಡಳು.

ಏಪ್ರಿಲ್ 23, ಬುಧವಾರ

ಗೋಪಣ್ಣನ ಬಿಂದಿಗೆ ಇನ್ನೂ ನಮ್ಮ ನಡುಮನೆಯಲ್ಲೇ ಇದೆ. ಹುಣಸೆಹಣ್ಣು ಹಾಕಿ ಬೆಳಗಿದ್ದೇನೆ, ಮುಖ ಕಾಣುತ್ತದೆ. ಎರಡು ಸಲ ಬಸ್‌ಸ್ಟ್ಯಾಂಡಿನವರೆಗೆ ಒಯ್ದು ವಾಪಸ್ಸು ತಂದೆ. ಅಂಥ ಮನುಷ್ಯನ ಮುಂದೆ ಅದನ್ನು ಖಾಲಿ ಹಿಡಿದುಕೊಂಡು ಹೇಗೆ ನಿಲ್ಲುವುದು? ಏನು ಹಾಕಬೇಕೆಂದು ತಿಳಿಯದೆ ನರಸಮ್ಮನಿಗೆ ಫೋನ್ ಮಾಡಿದೆ.

"ಹಂಗೇ ಇರ್ಲಿ ಕಣ್ರೀ, ನಾನು ಮುಂದಿನ ವಾರ ಬತ್ತೀನಲ್ಲ, ಏನಾರಾ ಮಾಡಿ ಕಳಿಸಾನ" ಎಂದಳು.

ಬೇಡ, ಇದಕ್ಕೆ ನಾನೇ ಮಾಡಬೇಕು, ಹೇಳಿಕೊಡು ಎಂದೆ. ಬರೆದುಕೊಳ್ಳಿ ಎಂದಳು. ಆಮೇಲೆ ಕಡಲೆಹಿಟ್ಟು ಯಾವ ಡಬ್ಬಿಯಲ್ಲಿದೆ ಎಂದು ಹೇಳತೊಡಗಿದಳು.